ನೈಲ್ ದಂಡೆಯ ಶಾನುಭೋಗನ ಹತ್ತಿರ ಲೆಕ್ಕ ಕಲಿಯುವುದು: ಸ್ವಂತವಾಗಿ ಗಣಿತ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದ ಪೇಪರನ್ನು ಹೇಗೋ ದಾಟಿದವನು ನಾನು. ಆಮೇಲೆ ಇಪ್ಪತ್ತು ವರ್ಷ ಅದರ ತಂಟೆಗೇ ಹೋಗಲಿಲ್ಲ. ಒಂದು ಸಂಜೆ ಮಗಳು ಭಿನ್ನರಾಶಿಯ ಭಾಗಾಕಾರ ತಂದು ಮುಂದಿಟ್ಟಳು. "ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸು" ಅಂದೆ. "ಯಾಕೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ವರ್ಷ ಆ ಪ್ರಶ್ನೆಯನ್ನು ನಾನು ಕೇಳಿಯೂ ಇರಲಿಲ್ಲ.

ಮೊದಲಿಂದ ಕಲಿಯೋಣ ಅಂತ ಹೊರಟು, ಪುಸ್ತಕ, ವಿಡಿಯೊ ಎಲ್ಲಾ ಗುಡ್ಡೆ ಹಾಕಿಕೊಂಡು, ಎರಡೇ ವಾರಕ್ಕೆ ಕೈಬಿಟ್ಟೆ. ಕೊನೆಗೆ ಕೈ ಹಿಡಿದದ್ದು ಈಜಿಪ್ಟಿನ ಸುಮಾರು 3,500 ವರ್ಷ ಹಳೆಯ ಒಂದು ಪಪೈರಸ್ ಸುರುಳಿ. ಅದರ ಲೆಕ್ಕಗಳನ್ನೇ ಮೆಟ್ಟಿಲು ಮಾಡಿಕೊಂಡು ಎಣಿಕೆಯಿಂದ ಬೀಜಗಣಿತದ ಬಾಗಿಲವರೆಗೆ ಹೇಗೆ ಬರಬಹುದು ಅನ್ನುವುದು ಈ ಬರಹ. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಮೂರು ತಿಂಗಳಿನ ಕೆಲಸ.

ಮೊದಲು, ಈ ಸುರುಳಿ ಏನು

ಕ್ರಿ.ಪೂ. 1550ರ ಆಸುಪಾಸಿನಲ್ಲಿ ಅಹ್ಮೆಸ್ ಎಂಬ ಲಿಪಿಕಾರ ಇದನ್ನು ಬರೆದ. ಲಿಪಿಕಾರ ಅಂದರೆ ನಮ್ಮ ಕಡೆಯ ಶಾನುಭೋಗರ ಹಾಗೆ ಅಂದುಕೊಳ್ಳಿ. ಹೊಲ ಅಳೆಯುವುದು, ಕಣಜದ ಧಾನ್ಯ ಲೆಕ್ಕ ಇಡುವುದು, ಕೂಲಿಯವರಿಗೆ ರೊಟ್ಟಿ ಹಂಚುವುದು, ಎಲ್ಲಾ ಇವರ ಕೈಯಲ್ಲೇ. ಇದು ತನ್ನ ಸ್ವಂತದ್ದಲ್ಲ, ಮೂರನೇ ಅಮೆನೆಮ್ಹತ್ ರಾಜನ ಕಾಲದ ಹಳೆಯ ಬರಹದ ನಕಲು ಅಂತ ಅಹ್ಮೆಸ್ ತಾನೇ ಬರೆದುಕೊಂಡಿದ್ದಾನೆ. ಅಂದರೆ ಮೂಲ ಇನ್ನೂ 250–300 ವರ್ಷ ಹಳೆಯದು. 1858ರಲ್ಲಿ ಅಲೆಕ್ಸಾಂಡರ್ ಹೆನ್ರಿ ರಿಂಡ್ ಎಂಬ ಸ್ಕಾಟ್ಲೆಂಡಿನವನು ಲಕ್ಸರ್‌ನಲ್ಲಿ ಇದನ್ನು ಕೊಂಡ. ಹಾಗಾಗಿ ರಿಂಡ್ ಪಪೈರಸ್ ಅನ್ನುತ್ತಾರೆ. ಬರೆದವನ ಹೆಸರು ಬಿಟ್ಟು ಕೊಂಡವನ ಹೆಸರು ಉಳಿಯಿತು ನೋಡಿ. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಒಬ್ಬರೇ ಕಲಿಯುವವರಿಗೆ ಇದು ಒಗ್ಗುವುದಕ್ಕೆ ಕಾರಣ ಇದೆ. ಇದರಲ್ಲಿ ಪಾಠ ಇಲ್ಲ, ವ್ಯಾಖ್ಯೆ ಇಲ್ಲ. ಇರುವುದು 80ಕ್ಕೂ ಹೆಚ್ಚು ಲೆಕ್ಕ. ಲೆಕ್ಕ, ಮಾಡುವ ಕ್ರಮ, ಉತ್ತರ. ಎಷ್ಟೋ ಕಡೆ ಕೊನೆಯಲ್ಲಿ ತಾಳೆ ನೋಡಿದ್ದೂ ಇದೆ. ಹೇಗೆ ಮಾಡಬೇಕು ಅನ್ನುವುದನ್ನು ಅಹ್ಮೆಸ್ ತೋರಿಸುತ್ತಾನೆ. ಯಾಕೆ ಹಾಗೆ ಅಂತ ಹೇಳುವುದಿಲ್ಲ. ಆ "ಯಾಕೆ" ನಿಮ್ಮ ಪಾಲಿನ ಕೆಲಸ. ನನ್ನ ಅನುಭವದಲ್ಲಿ ಕಲಿಕೆ ಆಗುವುದು ಅಲ್ಲೇ.

ತಯಾರಿ

ಒಂದು ಚೌಕುಳಿ ನೋಟ್‌ಬುಕ್, ಒಂದು ಕಪ್ಪು ಪೆನ್ನು, ಒಂದು ಕೆಂಪು ಪೆನ್ನು. ಸಾಕು. ಎರಡು ಬಣ್ಣ ಸುಮ್ನೆ ಶೋಕಿಗಲ್ಲ. ಈಜಿಪ್ಟಿನ ಲಿಪಿಕಾರರ ಹಲಗೆಯಲ್ಲಿ ಕಪ್ಪು ಮತ್ತು ಕೆಂಪು ಶಾಯಿಗೆ ಎರಡು ಗುಳಿ ಇರುತ್ತಿದ್ದವು. ಈ ಸುರುಳಿಯಲ್ಲಿ ಲೆಕ್ಕದ ಶುರು ಕೆಂಪಿನಲ್ಲಿದೆ. ನೀವು ಕೆಲಸವನ್ನು ಕಪ್ಪಿನಲ್ಲಿ ಮಾಡಿ, ತಾಳೆ ನೋಡುವುದನ್ನು ಕೆಂಪಿನಲ್ಲಿ ಬರೆಯಿರಿ. ಕೆಂಪಿಲ್ಲದ ಪುಟ ಇನ್ನೂ ಮುಗಿಯದ ಪುಟ. ಕ್ಯಾಲ್ಕ್ಯುಲೇಟರ್ ಮೊದಲ ತಿಂಗಳು ಬೇಡ. ತಪ್ಪನ್ನು ರಬ್ಬರಿನಲ್ಲಿ ಅಳಿಸಬೇಡಿ, ಒಂದು ಗೆರೆ ಹೊಡೆದು ಪಕ್ಕದಲ್ಲಿ ಸರಿ ಮಾಡಿ. ಆ ಹೊಡೆದ ಗೆರೆಗಳೇ ಮುಂದೆ ನಿಮಗೆ ಮೇಷ್ಟ್ರು.

ಹೆಜ್ಜೆ 1: ಮೊದಲು ಎಣಿಸಿ

ಈಜಿಪ್ಟಿನ ಚಿತ್ರಲಿಪಿಯಲ್ಲಿ ಒಂದಕ್ಕೆ ಒಂದು ಗೀಟು, ಹತ್ತಕ್ಕೆ ಕಮಾನು, ನೂರಕ್ಕೆ ಹಗ್ಗದ ಸುರುಳಿ, ಸಾವಿರಕ್ಕೆ ಕಮಲ, ಹತ್ತು ಸಾವಿರಕ್ಕೆ ಬೆರಳು, ಲಕ್ಷಕ್ಕೆ ಗೊದಮೊಟ್ಟೆ, ಹತ್ತು ಲಕ್ಷಕ್ಕೆ ಕೈ ಎತ್ತಿ ಕೂತ ದೇವರು. 2,345 ಬರೆಯಲು ಎರಡು ಕಮಲ, ಮೂರು ಹಗ್ಗ, ನಾಲ್ಕು ಕಮಾನು, ಐದು ಗೀಟು. ಸೊನ್ನೆ ಬೇಕಾಗುವುದೇ ಇಲ್ಲ.

ಎರಡು ಸಂಜೆ ಈ ಗುರುತುಗಳಲ್ಲಿ ಕೂಡಿಸಿ, ಕಳೆಯಿರಿ. ಹತ್ತು ಗೀಟು ಆದ ಕೂಡಲೇ ಅಳಿಸಿ ಒಂದು ಕಮಾನು ಹಾಕಿ. ಕಳೆಯುವಾಗ ಗೀಟು ಸಾಲದಿದ್ದರೆ ಒಂದು ಕಮಾನು ಒಡೆದು ಚಿಲ್ಲರೆ ಮಾಡಿ. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ "ದಶಕ", "ಕಡ" ಅಂದರೆ ಇದೇ, ನೋಟು ಮುರಿಸುವ ಕೆಲಸ.

ಇಲ್ಲಿ ಸ್ವಲ್ಪ ಹಿಂದಕ್ಕೂ ಹೋಗಬಹುದು. 1950ರಲ್ಲಿ ಜೀನ್ ಡಿ ಹೈನ್ಜೆಲಿನ್ ಎಂಬ ಭೂವಿಜ್ಞಾನಿಗೆ ಕಾಂಗೋದ ಇಶಾಂಗೋದಲ್ಲಿ ಗೀಟು ಕೊರೆದ ಒಂದು ಮೂಳೆ ಸಿಕ್ಕಿತು. ಸುಮಾರು 20,000 ವರ್ಷ ಹಳೆಯದು. ಮೂರು ಸಾಲು ಗೀಟು. ಒಂದು ಸಾಲಿನಲ್ಲಿ 11, 13, 17, 19. "ಹತ್ತರಿಂದ ಇಪ್ಪತ್ತರೊಳಗಿನ ಅವಿಭಾಜ್ಯ ಸಂಖ್ಯೆಗಳೆಲ್ಲಾ ಇವೆ, ಆಗಲೇ ಗೊತ್ತಿತ್ತು!" ಅಂತ ಹೇಳುವವರು ಬಹಳ ಜನ. ನನಗೆ ಅಷ್ಟು ಧೈರ್ಯ ಇಲ್ಲ. ಅವಿಭಾಜ್ಯ ಅಂತ ತಿಳಿಯಬೇಕಾದರೆ ಭಾಗಾಕಾರ ಗೊತ್ತಿರಬೇಕಲ್ವಾ? ಇನ್ನೊಂದು ಸಾಲಿನಲ್ಲಿ 3ರ ಪಕ್ಕ 6, 4ರ ಪಕ್ಕ 8 ಇವೆ, ದುಪ್ಪಟ್ಟಿನ ಹಾಗೆ. ಅದು ಮಾತ್ರ ನನ್ನನ್ನು ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸಿತು. ಮುಂದಿನ ಹೆಜ್ಜೆ ಪೂರ್ತಿ ನಿಂತಿರುವುದು ದುಪ್ಪಟ್ಟಿನ ಮೇಲೇ.

ಹೆಜ್ಜೆ 2: ಮಗ್ಗಿ ಇಲ್ಲದೆ ಗುಣಿಸಿ, ಭಾಗಿಸಿ

ಇಲ್ಲಿ ಅವಸರ ಮಾಡಬೇಡಿ. ಎರಡು ವಾರ ಕೊಡಿ.

37ನ್ನು 13ರಿಂದ ಗುಣಿಸಬೇಕು. ಎಡಕ್ಕೆ 1, ಬಲಕ್ಕೆ 37 ಬರೆಯಿರಿ. ಎರಡೂ ಕಡೆ ದುಪ್ಪಟ್ಟು ಮಾಡುತ್ತಾ ಇಳಿಯಿರಿ.

1 — 37
2 — 74
4 — 148
8 — 296

ಮುಂದಿನದು 16, ಅದು 13 ದಾಟಿತು, ನಿಲ್ಲಿಸಿ. ಎಡಗಡೆಯಲ್ಲಿ ಯಾವ ಯಾವುದು ಕೂಡಿದರೆ 13? 8, 4, 1. ಆ ಸಾಲುಗಳಿಗೆ ಗುರುತು ಹಾಕಿ, ಬಲಗಡೆಯದನ್ನು ಕೂಡಿಸಿ. 296 + 148 + 37 = 481. ಆಯಿತು. ಎರಡರ ಮಗ್ಗಿ ಬಿಟ್ಟು ಬೇರೆ ಮಗ್ಗಿ ಬೇಕಾಗಲಿಲ್ಲ.

ಈಗ ನಿಮ್ಮ "ಯಾಕೆ". ಯಾವ ಸಂಖ್ಯೆ ಕೊಟ್ಟರೂ 1, 2, 4, 8, 16... ಇವುಗಳಿಂದ ಕಟ್ಟಬಹುದೇ? ಒಂದನ್ನು ಒಂದೇ ಸಲ ಬಳಸಬೇಕು. 1ರಿಂದ 31ರವರೆಗೆ ಎಲ್ಲವನ್ನೂ ಬರೆದು ನೋಡಿ. ಆಗುತ್ತದೆ, ಅದೂ ಪ್ರತಿಯೊಂದಕ್ಕೂ ಒಂದೇ ದಾರಿ. 1 + 2 + 4 + 8 = 15 ಅನ್ನುವುದು 16ಕ್ಕೆ ಒಂದೇ ಒಂದು ಕಡಿಮೆ ಅನ್ನುವುದನ್ನು ಗಮನಿಸಿ. ಎಲ್ಲೂ ಸಂದು ಬೀಳದಿರುವುದಕ್ಕೆ ಅದೇ ಕಾರಣ. ನಿಮ್ಮ ಮೊಬೈಲಿನೊಳಗೂ ಸಂಖ್ಯೆಗಳು ಇರುವುದು ಹೀಗೇ: ಯಾವ ದುಪ್ಪಟ್ಟು ಬೇಕು, ಯಾವುದು ಬೇಡ, ಅಷ್ಟೇ.

ಭಾಗಾಕಾರಕ್ಕೆ ಬೇರೆ ವಿಧಾನ ಇಲ್ಲ. ಅದೇ ಪಟ್ಟಿಯನ್ನು ಬಲದಿಂದ ಓದುವುದು. 481ರಲ್ಲಿ 37 ಎಷ್ಟು ಸಲ? ಬಲಗಡೆಯಲ್ಲಿ 481 ಕಟ್ಟಿ, ಎಡಗಡೆಯದನ್ನು ಕೂಡಿಸಿ. ಸರಿಯಾಗಿ ಕಟ್ಟಲು ಆಗದಿದ್ದರೆ ದುಪ್ಪಟ್ಟಿನ ಬದಲು ಅರ್ಧ ಮಾಡುತ್ತಾ ಹೋಗಿ. 19ನ್ನು 8ರಿಂದ ಭಾಗಿಸಿ:

1 — 8
2 — 16
1/2 — 4
1/4 — 2
1/8 — 1

19 ಅಂದರೆ 16 + 2 + 1. ಉತ್ತರ 2, ಕಾಲು, ಅರೆಕಾಲು. ನಮ್ಮ ಹಳೆಯ ಅಂಗಡಿಯವರಿಗೆ ಈ ಉತ್ತರ ಸಲೀಸಾಗಿ ಅರ್ಥವಾಗುತ್ತಿತ್ತು. ಅರೆ, ಕಾಲು, ಅರೆಕಾಲು, ವೀಸ, ಇವೂ ಅರ್ಧರ್ಧ ಮಾಡುತ್ತಾ ಹೋದ ಲೆಕ್ಕವೇ. ಈಜಿಪ್ಟಿನವರೂ ಧಾನ್ಯದ ಅಳತೆಯನ್ನು 1/64ರವರೆಗೆ ಹೀಗೇ ಅರ್ಧ ಮಾಡುತ್ತಿದ್ದರು.

ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ಪಟ್ಟಿಯಲ್ಲೇ. 3ನ್ನು ಮುಕ್ಕಾಲಿನಿಂದ ಭಾಗಿಸು ಅಂದರೆ, ಮೂರರಲ್ಲಿ ಮುಕ್ಕಾಲು ಎಷ್ಟು ಸಲ ಇದೆ ಅಂತ. 1ಕ್ಕೆ ಮುಕ್ಕಾಲು, 2ಕ್ಕೆ ಒಂದೂವರೆ, 4ಕ್ಕೆ ಮೂರು. ಉತ್ತರ 4. ಈಗ ಬೇರೆ ಕಡೆಯಿಂದ ನೋಡಿ. ಒಂದರಲ್ಲಿ ನಾಲ್ಕು ಕಾಲು ಇವೆ, ಹಾಗಾಗಿ ಮೂರರಲ್ಲಿ 3 × 4 = 12 ಕಾಲು. ಮುಕ್ಕಾಲು ಅಂದರೆ ಮೂರು ಕಾಲು ಸೇರಿದ ಗಂಟು, ಹಾಗಾಗಿ 12ನ್ನು 3ರಿಂದ ಭಾಗಿಸಿ. ನಾಲ್ಕರಿಂದ ಗುಣಿಸಿದಿರಿ, ಮೂರರಿಂದ ಭಾಗಿಸಿದಿರಿ. 3/4 ತಲೆಕೆಳಗಾಗಿ 4/3 ಆಯಿತು. ಇಷ್ಟೇ ವಿಷಯ. ಇಪ್ಪತ್ತು ವರ್ಷ!

ಹೆಜ್ಜೆ 3: ರೊಟ್ಟಿ ಹಂಚಿ

ಸುರುಳಿಯ ಮೊದಲ ಆರು ಲೆಕ್ಕ ಹತ್ತು ಜನಕ್ಕೆ ರೊಟ್ಟಿ ಹಂಚುವುದು. 6 ರೊಟ್ಟಿ, 10 ಜನ. ನಾವಾದರೆ ತಲೆಗೆ 6/10 ಅಂದು ಮುಗಿಸುತ್ತೇವೆ. ಆದರೆ ಚಾಕು ಹಿಡಿದು ನಿಂತವನಿಗೆ 6/10 ಅಂದರೆ ಏನು? ಅಹ್ಮೆಸ್‌ನ ಉತ್ತರ 1/2 + 1/10. ಐದು ರೊಟ್ಟಿಯನ್ನು ಅರ್ಧ ಅರ್ಧ ಮಾಡಿ, ಹತ್ತು ತುಂಡು. ಉಳಿದ ಒಂದನ್ನು ಹತ್ತು ಭಾಗ ಮಾಡಿ. ಎಲ್ಲರಿಗೂ ಒಂದು ದೊಡ್ಡ ತುಂಡು, ಒಂದು ಸಣ್ಣ ತುಂಡು. ಅಳತೆಯಷ್ಟೇ ಅಲ್ಲ, ಕಣ್ಣಿಗೂ ಸಮ. ಪಂಕ್ತಿಯಲ್ಲಿ ಬಡಿಸಿದವರಿಗೆ ಇದರ ಬೆಲೆ ಗೊತ್ತು.

2/3ಕ್ಕೆ ಬೇರೆ ಗುರುತು ಇತ್ತು. ಅದನ್ನು ಬಿಟ್ಟರೆ ಮಿಕ್ಕ ಭಿನ್ನರಾಶಿಗಳನ್ನೆಲ್ಲಾ ಮೇಲೆ 1 ಇರುವ ಬೇರೆ ಬೇರೆ ತುಂಡುಗಳಾಗಿ ಅವರು ಬರೆಯುತ್ತಿದ್ದರು. ಹಳೆಯ ಹಟ ಅಂತ ನನಗೆ ಮೊದಲು ಅನಿಸಿತ್ತು. ಆಮೇಲೆ 4/5 ದೊಡ್ಡದೋ 3/4 ದೊಡ್ಡದೋ ಅಂತ ನೋಡಿದೆ. 3/4 = 1/2 + 1/4. 4/5 = 1/2 + 1/4 + 1/20. ಯಾವುದು ದೊಡ್ಡದು, ಎಷ್ಟು ದೊಡ್ಡದು, ಎರಡೂ ಕಣ್ಣೆದುರಿಗೇ ಇವೆ. ಸಮಛೇದ ಮಾಡುವ ಗೋಜೇ ಇಲ್ಲ.

ನೀವು ಮಾಡುವ ಕ್ರಮ ಹೀಗಿರಲಿ. ಕೊಟ್ಟ ಭಿನ್ನರಾಶಿಯೊಳಗೆ ಹಿಡಿಸುವ ಅತಿ ದೊಡ್ಡ ತುಂಡು ತೆಗೆಯಿರಿ, ಉಳಿದದ್ದಕ್ಕೆ ಮತ್ತೆ ಅದನ್ನೇ ಮಾಡಿ. 2/7ರಲ್ಲಿ 1/3 ಹಿಡಿಸುವುದಿಲ್ಲ, 1/4 ಹಿಡಿಸುತ್ತದೆ. ಉಳಿದದ್ದು 1/28. ಅಹ್ಮೆಸ್‌ನ ಪಟ್ಟಿಯಲ್ಲೂ ಇದೇ ಇದೆ. ಆದರೆ 2/13ಕ್ಕೆ ಈ ಕ್ರಮದಲ್ಲಿ 1/7 + 1/91 ಬರುತ್ತದೆ, ಅವನದು 1/8 + 1/52 + 1/104. ಮೂರು ತುಂಡು ಜಾಸ್ತಿ ಅನಿಸಬಹುದು. ಆದರೆ ಛೇದಗಳನ್ನು ನೋಡಿ, ಎಲ್ಲಾ ಸಮಸಂಖ್ಯೆ. ದುಪ್ಪಟ್ಟು ಮಾಡಬೇಕಾದಾಗ ಛೇದವನ್ನು ಅರ್ಧ ಮಾಡಿದರೆ ಮುಗಿಯಿತು. ದಿನವಿಡೀ ದುಪ್ಪಟ್ಟು ಮಾಡುವವನಿಗೆ ಇದು ಎಷ್ಟು ಅನುಕೂಲ, ನೀವೇ ಮಾಡಿ ನೋಡಿ. ಛೇದ 3ರಿಂದ 101ರವರೆಗೆ ಎಲ್ಲಾ ಬೆಸಸಂಖ್ಯೆಗಳಿಗೂ ಇಂಥ ಪಟ್ಟಿ ಸುರುಳಿಯ ಶುರುವಿನಲ್ಲೇ ಇದೆ. ಮೊದಲ ಹತ್ತನ್ನು ನೀವೇ ಕಟ್ಟಿ, ಆಮೇಲೆ ಅವನದರ ಜೊತೆ ಹೋಲಿಸಿ.

ಇದೇ ತುಂಡಿನ ಲೆಕ್ಕ ನಮ್ಮಲ್ಲೂ ಇತ್ತು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಒಂದನ್ನು ಬೇಕಾದಷ್ಟು ತುಂಡಾಗಿ ಒಡೆಯುವುದಕ್ಕೆ ಅದರಲ್ಲಿ ಸೂತ್ರ ಇದೆ. ನಾಲ್ಕು ತುಂಡು ಬೇಕಾದರೆ 1/2 + 1/3 + 1/9 + 1/18. ಐದು ಬೇಕಾದರೆ ಏನು ಬರಬಹುದು? ಕೊನೆಯ ಎರಡನ್ನು ಗಮನಿಸಿ, ಗುಟ್ಟು ಅಲ್ಲಿದೆ.

ಇನ್ನೊಂದು ಮಾತು. 4ನ್ನು ಯಾವುದೇ ಸಂಖ್ಯೆಯಿಂದ ಭಾಗಿಸಿದರೂ (ಸಂಖ್ಯೆ 2 ಅಥವಾ ಹೆಚ್ಚು) ಬಂದದ್ದನ್ನು ಮೂರು ತುಂಡಿನಲ್ಲಿ ಬರೆಯಲು ಆಗುತ್ತದೆಯೇ? ಮೇಲಿನ 4/5 ಹಾಗೆ ಬಂತು. 1948ರ ಸುಮಾರಿಗೆ ಎರ್ಡೋಸ್ ಮತ್ತು ಸ್ಟ್ರಾಸ್ ಎಂಬ ಗಣಿತಜ್ಞರು ಆಗುತ್ತದೆ ಅಂತ ಊಹಿಸಿದರು. ಇವತ್ತಿಗೂ ಅದನ್ನು ಯಾರೂ ಸಾಧಿಸಿ ತೋರಿಸಿಲ್ಲ. ರೊಟ್ಟಿ ಹಂಚುತ್ತಾ ಹಂಚುತ್ತಾ ನೀವು ಗಣಿತದ ಬೇಲಿಯವರೆಗೆ ಬಂದಿದ್ದೀರಿ.

ಹೆಜ್ಜೆ 4: ಬೇಕೆಂದೇ ತಪ್ಪು ಊಹಿಸಿ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಬೀಜಗಣಿತದ ಭಯ ಇರುವವರು ಇಲ್ಲಿ ಮನೆ ಮಾಡಿಕೊಂಡು ಇರಿ.

26ನೇ ಲೆಕ್ಕ: ಒಂದು ರಾಶಿ, ಅದರ ಕಾಲು ಭಾಗ ಸೇರಿದರೆ 15. ರಾಶಿ ಎಷ್ಟು? ಅವರು ಗೊತ್ತಿಲ್ಲದ ಮೊತ್ತಕ್ಕೆ 'ಅಹ' ಅನ್ನುತ್ತಿದ್ದರು, ಅಂದರೆ ಗುಡ್ಡೆ, ರಾಶಿ. ನಮ್ಮ ಗಣಿತದಲ್ಲೂ ಅದಕ್ಕೆ ರಾಶಿ ಅನ್ನುವ ಮಾತೇ ಇದೆ.

ಅಹ್ಮೆಸ್ 4 ಅಂತ ಹಿಡಿಯುತ್ತಾನೆ. ತಪ್ಪು ಅಂತ ಅವನಿಗೂ ಗೊತ್ತು. ಕಾಲು ತೆಗೆಯಲು ಸುಲಭ, ಅದಕ್ಕೇ 4. ನಾಲ್ಕಕ್ಕೆ ಅದರ ಕಾಲು ಸೇರಿ 5. ಬೇಕಾದದ್ದು 15, ಅಂದರೆ 5ರ ಮೂರರಷ್ಟು. ಹಾಗಾದರೆ ಊಹೆಯನ್ನೂ ಮೂರರಷ್ಟು ಮಾಡಿ. 12. ತಾಳೆ: 12ರ ಕಾಲು 3, ಸೇರಿ 15. ಸರಿ.

24ನೇ ಲೆಕ್ಕ ಸ್ವಲ್ಪ ಗಟ್ಟಿ. ರಾಶಿ ಮತ್ತು ಅದರ ಏಳನೇ ಒಂದು ಭಾಗ ಸೇರಿ 19. ಏಳು ಅಂತ ಹಿಡಿಯಿರಿ, 8 ಬಂತು. 19ನ್ನು 8ರಿಂದ ಭಾಗಿಸಿ. ಅದು ಹೆಜ್ಜೆ 2ರಲ್ಲೇ ಆಗಿದೆ: 2 + 1/4 + 1/8. ಇದನ್ನು ಏಳರಷ್ಟು ಮಾಡಿ, ದುಪ್ಪಟ್ಟಿನಲ್ಲೇ. 16 + 1/2 + 1/8 ಬರಬೇಕು. ಕೆಂಪು ಪೆನ್ನು ತೆಗೆದುಕೊಳ್ಳಿ.

ಹತ್ತು ಲೆಕ್ಕ ಹೀಗೆ ಮಾಡಿದ ಮೇಲೆ ನಾನು ಬೀಗಿಹೋಗಿದ್ದೆ. ಹನ್ನೊಂದನೆಯದನ್ನು ನಾನೇ ಕಟ್ಟಿಕೊಂಡೆ. ರಾಶಿ, ಅದರ ಕಾಲು, ಮೇಲೆ ಇನ್ನೊಂದು 3, ಎಲ್ಲಾ ಸೇರಿ 18. ನಾಲ್ಕು ಅಂತ ಹಿಡಿದೆ, 8 ಬಂತು. 18ನ್ನು 8ರಿಂದ ಭಾಗಿಸಿದರೆ ಎರಡೂಕಾಲು, ನಾಲ್ಕರ ಎರಡೂಕಾಲರಷ್ಟು 9. ತಾಳೆ ನೋಡಿದರೆ 14 ಮತ್ತು ಕಾಲು. ಎರಡು ದಿನ ತಲೆ ಕೆರೆದುಕೊಂಡೆ. ಕೂಡಿಸಿದ್ದರಲ್ಲಿ ತಪ್ಪಿಲ್ಲ, ಭಾಗಿಸಿದ್ದರಲ್ಲಿ ತಪ್ಪಿಲ್ಲ.

ಕಾರಣ ಸರಳ. ರಾಶಿ ಮೂರರಷ್ಟಾದರೆ ಅದರ ಕಾಲೂ ಮೂರರಷ್ಟಾಗುತ್ತದೆ. ಆದರೆ ಆ ಒಂಟಿ 3 ಬೆಳೆಯುವುದಿಲ್ಲ, ಕೂತಲ್ಲೇ ಕೂತಿರುತ್ತದೆ. ಅದನ್ನು ಮೊದಲು ಆಚೆ ಇಡಬೇಕು. 18ರಲ್ಲಿ 3 ಕಳೆದರೆ 15, ಮಿಕ್ಕದ್ದು ಹಳೆಯ ಲೆಕ್ಕವೇ. "ಈ ಕಡೆಯದು ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ" ಅಂತ ಶಾಲೆಯಲ್ಲಿ ಮಂತ್ರದ ಹಾಗೆ ಹೇಳಿಸುತ್ತಿದ್ದದ್ದು ಇದನ್ನೇ.

ಇನ್ನೊಂದು ದಾರಿಯೂ ಇದೆ, ಈ ಸುರುಳಿಗಿಂತ ಬಹಳ ಈಚಿನದು. ಎರಡು ತಪ್ಪು ಊಹೆ ಮಾಡಿ. 4 ಹಿಡಿದರೆ 8, 8 ಹಿಡಿದರೆ 13. ಊಹೆ 4 ಏರಿದರೆ ಉತ್ತರ 5 ಏರುತ್ತದೆ. 8ರಿಂದ 18ಕ್ಕೆ ಇನ್ನೂ 10 ಏರಬೇಕು, ಹಾಗಾಗಿ ಊಹೆ ಇನ್ನೂ 8 ಏರಬೇಕು. 4 + 8 = 12. ಈ ಎರಡು ಊಹೆಗಳನ್ನು ಚೌಕುಳಿ ಹಾಳೆಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯಿರಿ. ಸರಳರೇಖೆಯ ಪಾಠ ಶುರುವಾಯಿತು.

ಇಷ್ಟಾದ ಮೇಲೆ 'ರಾಶಿ' ಅನ್ನುವಲ್ಲೆಲ್ಲಾ ಎಕ್ಸ್ ಅಂತ ಬರೆದು ಅದೇ ಲೆಕ್ಕಗಳನ್ನು ಮತ್ತೆ ಮಾಡಿ. ಎಕ್ಸ್ ನೋಡಿ ಇನ್ನು ಬೆವರುವುದಿಲ್ಲ.

ಹೆಜ್ಜೆ 5: ಅಳೆಯಿರಿ

50ನೇ ಲೆಕ್ಕ ದುಂಡನೆಯ ಹೊಲದ್ದು. ವ್ಯಾಸ 9. ಅದರ ಒಂಬತ್ತನೇ ಒಂದು ಭಾಗ ಬಿಡಿ, 8 ಉಳಿಯಿತು. 8 × 8 = 64, ಅದೇ ವಿಸ್ತೀರ್ಣ. ಇವತ್ತಿನ ಸೂತ್ರದಲ್ಲಿ 63.6 ಬರುತ್ತದೆ. ನೂರಕ್ಕೆ ಒಂದು ಭಾಗವೂ ತಪ್ಪಿಲ್ಲ. ಅಂದರೆ ಅವರು ಪೈ ಬೆಲೆ ಸುಮಾರು 3.16 ಅಂತ ಹಿಡಿದ ಹಾಗಾಯಿತು, ಪೈ ಅನ್ನುವ ಯೋಚನೆ ಅವರಿಗೆ ಇಲ್ಲದಿದ್ದರೂ.

ನಂಬಬೇಡಿ, ಎಣಿಸಿ. ಚೌಕುಳಿ ಹಾಳೆಯಲ್ಲಿ 9 ಮನೆ ಅಗಲದ ವೃತ್ತ ಎಳೆದು ಒಳಗಿನ ಚೌಕ ಎಣಿಸಿ, ಅರೆಬರೆ ಚೌಕಗಳನ್ನು ಜೋಡಿಸಿಕೊಳ್ಳಿ. ಆಮೇಲೆ 9 × 9 ಚೌಕ ಹಾಕಿ, ಪ್ರತಿ ಬದಿಯನ್ನೂ ಮೂರು ಸಮ ಭಾಗ ಮಾಡಿ, ನಾಲ್ಕು ಮೂಲೆ ಓರೆಯಾಗಿ ಕತ್ತರಿಸಿ. ಉಳಿದ ಎಂಟು ಬದಿಯ ಆಕೃತಿ 81 − 18 = 63. ವೃತ್ತಕ್ಕೆ ತೀರಾ ಹತ್ತಿರ. 48ನೇ ಲೆಕ್ಕದ ಜೊತೆ ಅಹ್ಮೆಸ್ ಇಂಥದ್ದೇ ಒಂದು ಚಿತ್ರ ಬಿಡಿಸಿದ್ದಾನೆ.

ಇಳಿಜಾರಿಗೆ ಅವರ ಮಾತು 'ಸೆಕೆದ್'. ಒಂದು ಮೊಳ ಮೇಲೆ ಹೋಗುವಷ್ಟರಲ್ಲಿ ಎಷ್ಟು ಒಳಕ್ಕೆ ಸರಿಯಬೇಕು ಅನ್ನುವ ಲೆಕ್ಕ. ಅವರ ಒಂದು ಮೊಳಕ್ಕೆ ಏಳು ಅಂಗೈ, ಒಂದು ಅಂಗೈಗೆ ನಾಲ್ಕು ಬೆರಳು. ಗಿಜಾದ ದೊಡ್ಡ ಪಿರಮಿಡ್ಡಿನ ಸೆಕೆದ್ ಐದೂವರೆ ಅಂಗೈ. ಟೇಪು ಹಿಡಿದು ನಿಮ್ಮ ಮನೆ ಮೆಟ್ಟಿಲು ಅಳೆಯಿರಿ. ಒಂದು ಮೆಟ್ಟಿಲಿನ ಅಗಲವನ್ನು ಎತ್ತರದಿಂದ ಭಾಗಿಸಿ ಏಳರಿಂದ ಗುಣಿಸಿ. ಅದು ನಿಮ್ಮ ಮೆಟ್ಟಿಲಿನ ಸೆಕೆದ್. ತ್ರಿಕೋನಮಿತಿಯ ಕಾಟ್ ಅನ್ನುವುದು ಇದರ ಮೊಮ್ಮಗ.

ಅಹ್ಮೆಸ್‌ನಲ್ಲಿ ಇಲ್ಲದ ಒಂದು ರತ್ನ ಮಾಸ್ಕೋದಲ್ಲಿರುವ ಇನ್ನೊಂದು ಪಪೈರಸ್‌ನಲ್ಲಿದೆ. ಅದರ 14ನೇ ಲೆಕ್ಕ ತುದಿ ಕತ್ತರಿಸಿದ ಪಿರಮಿಡ್ಡಿನ ಘನಫಲ. ತಳದ ಬದಿ 4, ಮೇಲಿನ ಬದಿ 2, ಎತ್ತರ 6. ನಾಲ್ಕು ನಾಲ್ಕಲೆ 16, ನಾಲ್ಕೆರಡಲೆ 8, ಎರಡೆರಡಲೆ 4, ಕೂಡಿದರೆ 28. ಎತ್ತರದ ಮೂರನೇ ಒಂದು ಭಾಗ 2. ಗುಣಿಸಿದರೆ 56. ಪೂರ್ತಿ ಸರಿ, ಅಂದಾಜಲ್ಲ. ಇದನ್ನು ಪರೀಕ್ಷಿಸುವ ಒಂದು ಉಪಾಯ ಹೇಳುತ್ತೇನೆ, ಯಾವ ಸೂತ್ರಕ್ಕೂ ನಡೆಯುತ್ತದೆ: ತುದಿಗೆ ತಳ್ಳಿ ನೋಡಿ. ಮೇಲಿನ ಬದಿಯನ್ನು ಸೊನ್ನೆ ಮಾಡಿ, ಪೂರ್ತಿ ಪಿರಮಿಡ್ ಆಗಬೇಕು. ಮೇಲಿನದನ್ನೂ 4 ಮಾಡಿ, ಪೆಟ್ಟಿಗೆ ಆಗಬೇಕು. ಎರಡೂ ಆಗುತ್ತದೆಯೇ, ಬರೆದು ನೋಡಿ.

ಹೆಜ್ಜೆ 6: ಸುರುಳಿಯಿಂದ ಹೊರಗೆ ಬನ್ನಿ

ಆಫ್ರಿಕಾದ ಲೆಕ್ಕ ಅಂದರೆ ಬರೀ ಈಜಿಪ್ಟ್ ಅಲ್ಲ. ಅಂಗೋಲಾದ ಚೊಕ್ವೆ ಜನ ಮರಳಿನಲ್ಲಿ ಬೆರಳಿಂದ ಬಿಡಿಸುವ ಚಿತ್ರಗಳಿವೆ, 'ಸೋನಾ' ಅನ್ನುತ್ತಾರೆ. ಮೊದಲು ಸಾಲಾಗಿ ಚುಕ್ಕಿ. ಆಮೇಲೆ ಬೆರಳೆತ್ತದೆ ಚುಕ್ಕಿಗಳ ನಡುವೆ ಓರೆಯಾಗಿ ಗೆರೆ, ಅಂಚಿಗೆ ಬಂದಾಗ ತಿರುಗಿ ಒಳಕ್ಕೆ. ಚುಕ್ಕಿ ಸುತ್ತ ಎಳೆ ಬಳಸಿ ರಂಗೋಲಿ ಹಾಕುವವರಿಗೆ ಕೈಗೆ ತಾನಾಗಿ ಬರುತ್ತದೆ. 3 ಸಾಲು, 4 ಕಂಬದ ಚುಕ್ಕಿ ಇಟ್ಟರೆ ಒಂದೇ ಎಳೆಯಲ್ಲಿ ಮುಗಿಯುತ್ತದೆ. 2 ಸಾಲು, 4 ಕಂಬಕ್ಕೆ ಎರಡು ಎಳೆ ಬೇಕು. 3ಕ್ಕೆ 6? 4ಕ್ಕೆ 6? ಒಂದು ಭಾನುವಾರ ಹತ್ತು ಹನ್ನೆರಡು ಚಿತ್ರ ಹಾಕಿ ಪಟ್ಟಿ ಮಾಡಿ. ಮುಂದಿನ ಸಾಲು ಓದುವ ಮೊದಲು ನೀವೇ ಗುಟ್ಟು ಹಿಡಿಯಲು ನೋಡಿ.

ಎಳೆಗಳ ಸಂಖ್ಯೆ ಅಂದರೆ ಸಾಲು ಮತ್ತು ಕಂಬಗಳ ಮಹತ್ತಮ ಸಾಮಾನ್ಯ ಅಪವರ್ತನ, ಅದೇ ನಮ್ಮ ಮ.ಸಾ.ಅ. ಮೊಜಾಂಬಿಕ್‌ನಲ್ಲಿ ಪಾಠ ಮಾಡುತ್ತಿದ್ದ ಗಣಿತಜ್ಞ ಪೌಲಸ್ ಗೆರ್ಡೆಸ್ ಇವುಗಳ ಗಣಿತವನ್ನು ಬಿಡಿಸಿ ಬರೆದಿದ್ದಾರೆ. ಆ ಮ.ಸಾ.ಅ. ಹುಡುಕಲು ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಾ ಹೋಗುವ ಕ್ರಮವನ್ನು ಯೂಕ್ಲಿಡ್ ಬರೆದಿಟ್ಟಿದ್ದಾನೆ. ಅವನು ಗ್ರೀಕ್ ಭಾಷೆಯವನು, ಪಾಠ ಮಾಡಿದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ.

ಎಣಿಸುವ ಮಾತಿಗೆ ಬಂದರೆ ನೈಜೀರಿಯಾದ ಯೊರುಬಾ ಭಾಷೆ ಒಳ್ಳೆಯ ಕಸರತ್ತು. ಇಪ್ಪತ್ತರ ಲೆಕ್ಕ, ಅದರಲ್ಲೂ ಕಳೆಯುವ ಲೆಕ್ಕ. 16 ಅಂದರೆ ಇಪ್ಪತ್ತಕ್ಕೆ ನಾಲ್ಕು ಕಮ್ಮಿ. 35 ಅಂದರೆ ಎರಡಿಪ್ಪತ್ತಕ್ಕೆ ಐದು ಕಮ್ಮಿ. 45 ಅಂದರೆ ಮೂರಿಪ್ಪತ್ತರಲ್ಲಿ ಹತ್ತು ತೆಗೆದು, ಮತ್ತೆ ಐದು ತೆಗೆದು. ಹೀಗೆ 50ರವರೆಗೆ ಬಾಯಲ್ಲಿ ಹೇಳಿ ನೋಡಿ, ಮನೋಗಣಿತ ಎಷ್ಟು ಚುರುಕಾಗುತ್ತದೆ ಅಂತ ಗೊತ್ತಾಗುತ್ತದೆ. ಆಟ ಬೇಕಾದರೆ ಅಟ್ಟದ ಮೇಲಿನ ಅಳಗುಳಿ ಮಣೆ ಇಳಿಸಿ. ಘಾನಾದ ಓವಾರೆ, ತಾಂಜಾನಿಯಾದ ಬಾವೊ, ನಮ್ಮ ಅಳಗುಳಿ ಮಣೆ, ಚೆನ್ನೆಮಣೆ ಎಲ್ಲಾ ಒಂದೇ ಕುಟುಂಬದ ಆಟಗಳು. ಬೀಜ ಎತ್ತುವ ಮೊದಲೇ ಕೊನೆಯದು ಎಲ್ಲಿ ಬೀಳುತ್ತದೆ ಅಂತ ಹೇಳಿ, ಆಮೇಲೆ ಬಿಡಿ. ಒಂದು ಸುತ್ತು ಬಂದ ಮೇಲೆ ಶೇಷ ಎಷ್ಟು ಅನ್ನುವುದೇ ಆ ಲೆಕ್ಕ.

ಇಲ್ಲಿಂದ ಮುಂದೆ

ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಕನ್ನಡ ಮಾಧ್ಯಮದ ಗಣಿತ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. 8ನೇ ತರಗತಿಯಿಂದ ಶುರು ಮಾಡಿ, 6ರಿಂದಾದರೂ ನಾಚಿಕೆ ಬೇಡ. ಪ್ರತಿ ಅಧ್ಯಾಯದಲ್ಲೂ ಮೊದಲು ಲೆಕ್ಕ, ಆಮೇಲೆ ವಿವರಣೆ ಓದಿ. ಸೂತ್ರ ಸಿಕ್ಕಿದಾಗ ಸಣ್ಣ ಸಂಖ್ಯೆ ಹಾಕಿ ನೋಡಿ, ತುದಿಗೆ ತಳ್ಳಿ ನೋಡಿ. ಒಂದು ಲೆಕ್ಕಕ್ಕೆ ಅರ್ಧ ಗಂಟೆ ಒದ್ದಾಡಿದ ಮೇಲಷ್ಟೇ ಉತ್ತರದ ಪುಟ ತಿರುಗಿಸಿ.

ಮಧ್ಯೆ ಬೇಜಾರಾದರೆ ಥಾಮಸ್ ಫುಲ್ಲರ್‌ನ ಲೆಕ್ಕ ತೆಗೆದುಕೊಳ್ಳಿ. ಪಶ್ಚಿಮ ಆಫ್ರಿಕಾದಲ್ಲಿ 1710ರ ಸುಮಾರಿಗೆ ಹುಟ್ಟಿ, ಹದಿನಾಲ್ಕನೇ ವಯಸ್ಸಿಗೆ ಗುಲಾಮನಾಗಿ ಅಮೆರಿಕದ ವರ್ಜೀನಿಯಾಕ್ಕೆ ಮಾರಾಟವಾದವನು. ಓದು ಬರಹ ಇಲ್ಲ. ಮುದುಕನಾಗಿದ್ದಾಗ ಇಬ್ಬರು ಬಂದು ಪರೀಕ್ಷಿಸಿದರು. ಒಂದೂವರೆ ವರ್ಷಕ್ಕೆ ಎಷ್ಟು ಸೆಕೆಂಡು? ಸುಮಾರು ಎರಡು ನಿಮಿಷದಲ್ಲಿ ಹೇಳಿದ, 4,73,04,000. 70 ವರ್ಷ, 17 ದಿನ, 12 ಗಂಟೆ ಬದುಕಿದವನು ಎಷ್ಟು ಸೆಕೆಂಡು ಬದುಕಿದ? ಒಂದೂವರೆ ನಿಮಿಷ. 2,21,05,00,800. ಕಾಗದದಲ್ಲಿ ಲೆಕ್ಕ ಹಾಕುತ್ತಿದ್ದವನು "ತಪ್ಪು, ಅಷ್ಟಾಗುವುದಿಲ್ಲ" ಅಂದ. ಅಧಿಕ ವರ್ಷಗಳನ್ನು ನೀವು ಸೇರಿಸಿಲ್ಲ ಅಂದ ಫುಲ್ಲರ್. ಸೇರಿಸಿದರೆ ಸರಿಹೋಯಿತು. ಎಷ್ಟು ಅಧಿಕ ದಿನ ಸೇರಿಸಿದ್ದ ಅಂತ ನೀವು ಕಂಡುಹಿಡಿಯಿರಿ.

ಮೂರು ತಿಂಗಳು ಮುಗಿದ ದಿನ ಅಹ್ಮೆಸ್‌ನ 31ನೇ ಲೆಕ್ಕಕ್ಕೆ ಕೈ ಹಾಕಿ. ಒಂದು ರಾಶಿ, ಅದರ 2/3, ಅದರ 1/2, ಅದರ 1/7, ಎಲ್ಲಾ ಸೇರಿ 33. ಅವನ ಉತ್ತರ 14 + 1/4 + 1/56 + 1/97 + 1/194 + 1/388 + 1/679 + 1/776. ನನಗೆ ಮೂರು ಸಂಜೆ ಹಿಡಿಯಿತು. ಮೊದಲ ಎರಡು ಸಂಜೆ ತಾಳೆ ಬರಲಿಲ್ಲ, ಅವನೇ ನಕಲು ಮಾಡುವಾಗ ತಪ್ಪಿರಬೇಕು ಅಂದುಕೊಂಡೆ. ಮೂರನೇ ಸಂಜೆ ಮಗಳು ಬಂದು ನೋಡಿ, "ಅಪ್ಪಾ, 97ರ ಏಳರಷ್ಟು 679 ಅಲ್ವಾ, ನೀನು 669 ಅಂತ ಬರೆದಿದ್ದೀಯ" ಅಂದಳು.